ವುಡಿನ್‌ವಿಲ್‌ನಲ್ಲೊಂದು ಬೋರ್ಡೋ

ಕಾರ್ಕ್ ತೆಗೆಯುವ ಸ್ಕ್ರೂನ ತುದಿ ನನ್ನ ಗಂಟಲಿಗೆ ತಾಗಿತ್ತು.

ಹಿಡಿದಿದ್ದವನು ಚಂದ್ರಮೌಳಿ. ಆರಡಿ ಆಳು, ಬಿಳಿ ಲಿನನ್ ಶರ್ಟು. ನನ್ನ ಬೆನ್ನಿಗೆ ವೈನ್ ಪೀಪಾಯಿ. ಹೋಟೆಲಿನ ನೆಲಮಾಳಿಗೆಯಲ್ಲಿ ನಾವಿಬ್ಬರೇ.

"ಯಾರ್ ಕಳ್ಸಿದ್ದು?"

"ರೂಮ್ ಸರ್ವಿಸ್."

ಸ್ಕ್ರೂ ಅರ್ಧ ಸುತ್ತು ತಿರುಗಿತು. ಒಂದು ಹನಿ ರಕ್ತ ಅವನ ತೋಳಿನ ಮೇಲೆ ಬಿತ್ತು. ನನ್ನ ಗಂಟಲಿಗಿಂತ ಆ ಶರ್ಟಿನದೇ ಅವನಿಗೆ ಚಿಂತೆ. ಕೆಳಗೆ ನೋಡಿದ.

ನನಗೆ ಅಷ್ಟು ಸಾಕಿತ್ತು. ಮೊಣಕಾಲು ಎತ್ತಿದೆ... ಎಲ್ಲಿಗೆ ಅಂತ ಹೇಳುವುದಿಲ್ಲ.

ಓಡಿದೆ.

ಯಾಕೆ ಅಂತ ಈಗಲೇ ಹೇಳಿಬಿಡುತ್ತೇನೆ, ಕೇಳಿ.

ನಾನು ಖಾಸಗಿ ಪತ್ತೇದಾರ. ಅಂದು ಬೆಳಿಗ್ಗೆ ಸೆಲಿನ್ ನನ್ನನ್ನು ಟೋಟೆಮ್ ಲೇಕ್‌ನ ಕಾಫಿ ಅಂಗಡಿಗೆ ಕರೆಸಿದ್ದಳು. ಮಂಗಳೂರಿನವಳು, ನರ್ಸು. ಅಮೆರಿಕಕ್ಕೆ ಬಂದು ನೈಟ್ ಡ್ಯೂಟಿ ಮಾಡಿ ಮಾಡಿ ಇಲ್ಲಿಯ ಕರ್ಕ್‌ಲ್ಯಾಂಡಿನಲ್ಲಿ ಮನೆ ಮಾಡಿಕೊಂಡಿದ್ದಳು. ಮಧ್ಯಾಹ್ನ ಅದರ ಮಾರಾಟಕ್ಕೆ ಸಹಿ ಹಾಕಬೇಕು. ಗಂಡ ರಾಯ್ಸ್ಟನ್ ಮೊದಲೇ ಸಹಿ ಹಾಕಿ ಫ್ರಾನ್ಸಿಗೆ ಹಾರಿದ್ದ. ಮನೆ ಮಾರಿದ ದುಡ್ಡಿನಲ್ಲಿ ಬೋರ್ಡೋದ ದ್ರಾಕ್ಷಿತೋಟದ ಹೋಟೆಲೊಂದರಲ್ಲಿ ಪಾಲು ಕೊಳ್ಳುತ್ತಾನಂತೆ. ಯಾವುದು ಒಳ್ಳೆಯದು ಅಂತ ತಿಳಿಯಲು ಒಂದೊಂದು ತೋಟದಲ್ಲೂ ಉಳಿದುಕೊಂಡು ನೋಡುತ್ತಿದ್ದಾನಂತೆ. ಪಾರ್ಟ್ನರ್ ಚಂದ್ರಮೌಳಿ.

ದಿನಾ ವಿಡಿಯೋ ಕಾಲ್. ಬಿಳಿ ನಿಲುವಂಗಿ, ಕೈಯಲ್ಲಿ ಗ್ಲಾಸು, ಕಿಟಕಿಯಾಚೆ ದ್ರಾಕ್ಷಿ ಸಾಲು. "ಮಣ್ಣಿನ ರುಚಿ ನಾಲಿಗೆಗೆ ಸಿಗ್ತದೆ ಮಾರಾಯ್ತಿ" ಅನ್ನುತ್ತಿದ್ದನಂತೆ.

ಮಣ್ಣು ತಿನ್ನಲು ಅಷ್ಟು ದೂರ ಹೋಗಬೇಕೆ?

ಸೆಲಿನ್ ಹಿಂದಿನ ದಿನದ ಕಾಲ್‌ನ ಸ್ಕ್ರೀನ್‌ಶಾಟ್ ತೋರಿಸಿದಳು.

"ಅವ್ನ ಹಿಂದೆ ನೋಡು. ಎಂತ ಕಾಣ್ತದೆ?"

"ರೈಸ್ ಕುಕ್ಕರ್."

"ಸ್ವರ್ಗಕ್ಕೆ ಹೋದ್ರೂ ಇವ್ನಿಗೆ ಕುಚಲಕ್ಕಿ ಗಂಜಿ ಬೇಕು. ಹೋಗುವಾಗ ನಾನೇ ಪ್ಯಾಕ್ ಮಾಡಿಕೊಟ್ಟದ್ದು, ಕರೆಂಟಿನ ಯೋಚನೆ ಆಗ ಬರ್ಲಿಲ್ಲ. ಕೆಂಪು ಲೈಟು ಉರೀತಾ ಉಂಟಲ್ಲ?"

"ಉರಿದ್ರೆ ಏನೀಗ?"

"ಅದು ಅಮೆರಿಕದ ಕುಕ್ಕರ್. ಪಿನ್ನು ಫ್ರಾನ್ಸಿನ ಗೋಡೆಗೆ ಹೋಗುದಿಲ್ಲ. ಅಡಾಪ್ಟರ್ ಸಿಕ್ಕಿಸಿದ್ರೂ ಅಲ್ಲಿಯ ಕರೆಂಟಿಗೆ ಸುಟ್ಟು ಹೋಗ್ತದೆ."

"ಅಂದ್ರೆ ಇಲ್ಲೇ ಎಲ್ಲೋ ಇದಾನೆ."

"ಅದು ನನ್ನ ಗುಮಾನಿ. ಬರೀ ಗುಮಾನಿಗೆ ಗಂಡನ್ನ ಬಿಡ್ಲಿಕ್ಕಾಗುದಿಲ್ಲ. ಸಹಿ ಹಾಕುವ ಮೊದ್ಲು ನಂಗೆ ಅವ್ನ ಮುಖ ತೋರ್ಸು."

ದ್ರಾಕ್ಷಿ ಸಾಲು ಕಾಣುವ ಹೋಟೆಲು ಅಂದರೆ ಪಕ್ಕದ ವುಡಿನ್‌ವಿಲ್. ಅಲ್ಲಿ ವೈನ್ ರುಚಿ ನೋಡುವ ಅಂಗಡಿಗಳು ಬೇಕಾದಷ್ಟು. ದ್ರಾಕ್ಷಿ ಮಾತ್ರ ಬೆಟ್ಟದಾಚೆಯಿಂದ ಟ್ರಕ್ಕಿನಲ್ಲಿ ಬರುತ್ತದೆ. ಒಂದೇ ಒಂದು ಹೋಟೆಲಿನವರು ಫೋಟೋಗೆಂದೇ ನಾಲ್ಕು ಸಾಲು ಬಳ್ಳಿ ನೆಟ್ಟಿದ್ದರು.

ಅದರ ಪಾರ್ಕಿಂಗಿನಲ್ಲಿ ಚಂದ್ರಮೌಳಿಯ ಕಾರು, ನಂಬರ್ ಸೆಲಿನ್ ಕೊಟ್ಟಿದ್ದಳು. ನೆಲಮಾಳಿಗೆಯಲ್ಲಿ ಚಂದ್ರಮೌಳಿಯ ದನಿ. ಯಾರ ಜೊತೆಗೋ ಫೋನಿನಲ್ಲಿದ್ದ.

"ಯಾವ ಹೋಟ್ಲು, ಯಾವ ಫ್ರಾನ್ಸು? ಅವ್ಳು ಸೈನ್ ಮಾಡ್ಲಿ. ದುಡ್ಡು ಬಂದ್ ತಕ್ಷಣ ನಾನೂ ರಾಯ್ಸ್ಟನ್ನೂ ಹಂಚ್ಕೊಂಡು ಹೊರಡ್ತೀವಿ."

ಇನ್ನಷ್ಟು ಕೇಳೋಣ ಅಂತ ಬಗ್ಗಿದೆ. ಭುಜ ಬಾಟಲಿಗೆ ತಾಗಿತು. ಬಾಟಲಿ ಬಿತ್ತು. ಆಮೇಲೆ ಸ್ಕ್ರೂ.

ಈಗ ಓಟ.

ಮೆಟ್ಟಿಲು. ಅಂಗಳ. ಬಳ್ಳಿಗಳ ನಡುವೆ ನುಗ್ಗಿದೆ. ಹಿಂದೆ ಬೂಟಿನ ಸದ್ದು... ಹತ್ತಿರ... ಇನ್ನೂ ಹತ್ತಿರ. ಬಳ್ಳಿ ಹಬ್ಬಿಸಲು ಎಳೆದ ತಂತಿಯ ಕೆಳಗೆ ನಾನು ತೂರಿಕೊಂಡೆ. ಆರಡಿಯ ಚಂದ್ರಮೌಳಿ ತೂರಲಿಲ್ಲ. ಧಡ್ ಅಂತ ಬಿದ್ದ.

ಎದುರಿಗೆ ಗಾಜಿನ ಬಾಗಿಲು. ಒಳಗೆ ನಿಲುವಂಗಿ ತೊಟ್ಟ ರಾಯ್ಸ್ಟನ್, ಬಟ್ಟಲಿನಲ್ಲಿ ಗಂಜಿ. ಹೆಂಡತಿ ರಾತ್ರಿಯಿಡೀ ರೋಗಿಗಳ ಮೈ ಒರೆಸುತ್ತಾಳೆ. ಇವನಿಗೆ ಇಲ್ಲಿ ಯಾರೋ ದಿಂಬು ಸರಿಮಾಡಿಕೊಡುತ್ತಾರೆ. ನನ್ನ ಮೈ ಉರಿಯಿತು. ಬಾಗಿಲು ತಳ್ಳಿದೆ.

"ಯಾರು ನೀನು?"

"ಫ್ರಾನ್ಸ್ ಎಂಬಸಿ. ಕೂತ್ಕೋ."

ವಿಡಿಯೋ ಕಾಲ್ ಒತ್ತಿದೆ. ಸೆಲಿನ್ ತಕ್ಷಣ ಎತ್ತಿದಳು. ಸಹಿ ಹಾಕುವ ಆಫೀಸಿನಲ್ಲಿ ಕೂತಿದ್ದಳು, ಕೈಯಲ್ಲಿ ಪೆನ್ನು. ಕ್ಯಾಮೆರಾವನ್ನು ಅವಳ ಗಂಡನ ಮುಖಕ್ಕೆ ಹಿಡಿದೆ. ನೆಲಮಾಳಿಗೆಯಲ್ಲಿ ಕೇಳಿದ್ದನ್ನು ಎರಡೇ ಮಾತಿನಲ್ಲಿ ಹೇಳಿದೆ.

ಅಷ್ಟರಲ್ಲಿ ಚಂದ್ರಮೌಳಿ ಬಾಗಿಲಿಗೆ ಬಂದ. ಫೋನು ಕಂಡಿತು. ಮುಖಕ್ಕೆ ಕೈ ಅಡ್ಡ ಹಿಡಿದು ಹಾಗೆಯೇ ಪಾರ್ಕಿಂಗಿಗೆ ತಿರುಗಿದ. ಕಾರು ಹೊರಟ ಸದ್ದು ಕೇಳಿಸಿತು. ಪಾರ್ಟ್ನರ್‌ಶಿಪ್ ಮುಗಿಯಿತು.

"ಸೆಲಿನ್, ಇದು ನೀನು ತಿಳ್ಕೊಂಡ ಹಾಗಲ್ಲ..." ಅಂದ ರಾಯ್ಸ್ಟನ್.

ಅವಳು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ಮನೆ ಮಾರುದಿಲ್ಲ."

"ಸರಿ, ಬೇಡ. ನಾನೀಗ ಮನೆಗೆ ಬರ್ತೇನೆ. ಕೂತು ಮಾತಾಡುವ."

"ನೀನು ಫ್ರಾನ್ಸಲ್ಲಿದ್ದಿ ಅಂತ ಚರ್ಚಲ್ಲಿ ಎಲ್ರಿಗೂ ಹೇಳಿದ್ದೇನೆ ರಾಯ್ಸ್ಟನ್. ಅಲ್ಲೇ ಇರು."

ಕಾಲ್ ಕಟ್ಟಾಯಿತು.

ರಾಯ್ಸ್ಟನ್ ಗಂಜಿಯ ಬಟ್ಟಲು ಕೆಳಗಿಟ್ಟ.

"ಮಾರಾಯ, ನಿನ್ನ ಕಾರಲ್ಲಿ ಕರ್ಕ್‌ಲ್ಯಾಂಡಿಗೆ ಒಂದು ಡ್ರಾಪ್ ಕೊಡ್ತೀಯಾ?"

ನಾನು ಕೀ ಜೇಬಿಗೆ ಹಾಕಿಕೊಂಡೆ.

"ಮಧ್ಯದಲ್ಲಿ ಅಟ್ಲಾಂಟಿಕ್ ಬರುತ್ತಲ್ಲ ಸಾರ್... ನಂದು ಹಳೇ ಗಾಡಿ."