ಅಕ್ಕನ ಜಪಾನು, ತಂಗಿಯ ಪೆನ್ಸಿಲ್ಲು

"ಲೇ ಅಕ್ಕಾ, ಅದು ನನ್ ಪೆನ್ಸಿಲ್ಲು!"

ಐದನೇ ಕ್ಲಾಸಿನ ಸಂಘಮಿತ್ರಾ ಬ್ಯಾಗು ಬಿಸಾಕಿ ಅಡುಗೆಮನೆಗೆ ಓಡಿದಳು. ಅಕ್ಕ ಯಶೋಧರಾ ಎರಡು ಪೆನ್ಸಿಲ್‌ಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು, ಚಿತ್ರಾನ್ನದೊಳಗಿನ ಕಡ್ಲೆಕಾಯಿ ಬೀಜ ಹಿಡಿಯಲು ಹೆಣಗುತ್ತಿದ್ದಳು. ಬೀಜ ಜಾರಿ ನೆಲಕ್ಕೆ ಬಿತ್ತು. ಪೆನ್ಸಿಲ್ ತುಂಬಾ ಅರಿಶಿನ, ಎಣ್ಣೆ.

"ತೊಳ್ದು ಕೊಡ್ತೀನಿ ಕಣೇ. ಜಪಾನಲ್ಲಿ ಕಡ್ಡೀಲೇ ತಿನ್ನೋದು. ಪ್ರಾಕ್ಟೀಸ್ ಬ್ಯಾಡ್ವಾ?"

"ಇವತ್ತು ನಂಗೆ ಟೆಸ್ಟ್ ಐತೆ!"

ಈ ಜಪಾನಿನ ಕಾಟ ಶುರುವಾಗಿ ಎರಡು ವರ್ಷವಾಗಿತ್ತು. ಶಿರಾದ ಕಾಲೇಜಿನಲ್ಲಿ ಓದುವ ಅಕ್ಕನಿಗೆ, ಅಲ್ಲಿಯ ಜನ ಹೇಗೆ ಬದುಕುತ್ತಾರೆಂದು ನೋಡಿಯೇ ತೀರಬೇಕೆಂಬ ಹುಚ್ಚು. ಮೊಬೈಲಿನಲ್ಲೇ ಆ ಭಾಷೆ ಕಲಿತು, ಸ್ಕಾಲರ್‌ಶಿಪ್ಪನ್ನೂ ಗಿಟ್ಟಿಸಿಬಿಟ್ಟಿದ್ದಳು. ಬರುವ ಸೋಮವಾರ ಹೊರಟರೆ ಒಂದು ವರ್ಷ ಅಲ್ಲೇ ಓದು.

ಊರು ಹುಲಿಕುಂಟೆಯಲ್ಲಿ ಎಲ್ಲರೂ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಅವಳ ಪ್ರಾಕ್ಟೀಸಿಗೆಂದು ಜಪಾನಿನವರ ಹಾಗೆ ಎದುರು ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಬೇಕಾದವಳು, ಮಂಡಿಯೂರಿ ಕೂತು ಕಾಲು ಜೋಮು ಹಿಡಿಸಿಕೊಳ್ಳಬೇಕಾದವಳು ಪಾಪ ಸಂಘಮಿತ್ರಾ!

"ಜಪಾನಲ್ಲಿ ಚಪ್ಪಲಿ ಹೊರಗೇ ಬಿಟ್ಟು ಮನೆಯೊಳಕ್ಕೆ ಹೋಗ್ತಾರಂತೆ ಕಣಮ್ಮ" ಎಂದು ಮೊನ್ನೆ ಅಕ್ಕ ಕಣ್ಣರಳಿಸಿ ಹೇಳಿದ್ದಳು.

"ನಾವೇನು ತಲೆ ಮೇಲೆ ಇಟ್ಕಂಡು ಬತ್ತೀವಾ?" ಎಂದಿದ್ದಳು ಅಮ್ಮ.

ಸಂಘಮಿತ್ರಾ ಪೆನ್ಸಿಲ್ ಕಿತ್ತುಕೊಂಡು ಲಂಗಕ್ಕೆ ಒರೆಸಿದಳು. ಲಂಗವೂ ಹಳದಿಯಾಯಿತು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅಳು ಬರುವಷ್ಟು ಸಿಟ್ಟು ಬಂತು ಅವಳಿಗೆ.

"ಹೋಗೇ ನಿನ್ ಜಪಾನಿಗೆ! ಮನೆ ನೆಮ್ಮದಿಯಾಗಿರ್ತದೆ. ನಾನೂ ಹೋಗ್ತೀನಿ!"

"ಹೊರಡೋವಾಗ 'ಹೋಗ್ತೀನಿ' ಅನ್ಬಾರ್ದು ಅಂತ ಎಷ್ಟು ಸಲ ಹೇಳ್ಬೇಕೇ? 'ಹೋಗ್ಬತ್ತೀನಿ' ಅನ್ನು" ಎಂದು ಅಮ್ಮ ಒಲೆ ಮುಂದಿನಿಂದಲೇ ಗದರಿದಳು.

ಅಕ್ಕನ ಮುಖ ಅರಳಿತು. "ಅಮ್ಮಾ, ಜಪಾನಲ್ಲೂ ಅಂಗೇ! ಹೊರಡೋರು 'ಇತ್ತೆಕಿಮಾಸ್' ಅಂತಾರೆ. ಅಂದ್ರೆ ಹೋಗ್ಬತ್ತೀನಿ ಅಂತ. ಮನೇಲಿರೋರು 'ಇತ್ತೆರಶ್ಶಾಯ್' ಅಂತಾರೆ. ಹೋಗ್ಬುಟ್ ಬಾ ಅಂತ."

"ಎಲ್ಲಾ ಇಲ್ಲೇ ಐತಲ್ಲ! ಮತ್ಯಾಕೆ ಅಷ್ಟು ದೂರ ಹೋಗ್ತೀಯಾ ನೀನು?" ಸಂಘಮಿತ್ರಾ ಕಿರುಚಿದಳು.

ಅಕ್ಕ ತಂಗಿಯ ಮುಖವನ್ನೇ ನೋಡಿದಳು. "ಅಷ್ಟು ದೂರದಲ್ಲೂ ನಮ್ಮಂಗೇ ಇರ್ತಾರೆ ಅಂದ್ರೆ ನೋಡ್ಬೇಕು ಅನ್ಸಲ್ವಾ ನಿಂಗೆ?" ಎಂದಳು. ಆಮೇಲೆ ಮೆಲ್ಲಗೆ, "ನಾನೇನು ಹೋಗ್ತೀನಿ ಅಂದ್ನಾ? ಹೋಗ್ಬತ್ತೀನಿ ಅಂತಿರೋದು ಕಣೇ" ಎಂದಳು.

ಸಂಘಮಿತ್ರಾ ಬ್ಯಾಗು ಎತ್ತಿಕೊಂಡು ಓಡಿದಳು. ಬೀದಿಯ ತಿರುವಿನಲ್ಲಿ ಅವಳ ಕಾಲು ನಿಂತಿತು. ದಿನಾ ಹೊರಡುವವಳು ತಾನು, ಬಾಗಿಲಲ್ಲಿ ನಿಂತು ಕಳಿಸುವವಳು ಅಕ್ಕ. ಸೋಮವಾರ ಬಾಗಿಲಲ್ಲಿ ನಿಲ್ಲಬೇಕಾದವಳು ತಾನು.

ಅವಳು ಹಿಂದಿರುಗಿ ನೋಡಿದಳು. ಅಕ್ಕ ಎಂದಿನಂತೆ ಬಾಗಿಲಿಗೆ ಬಂದು ನಿಂತಿದ್ದಳು.

"ಅಕ್ಕಾ, ಮನೇಲಿರೋರು ಏನಂತಾರೆ ಅಂದೆ? ಇನ್ನೊಂದ್ಸಲ ಹೇಳು!"

"ಇತ್ತೆರಶ್ಶಾಯ್!"

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸಂಘಮಿತ್ರಾ ಅದನ್ನೇ ಬಾಯಿಪಾಠ ಮಾಡತೊಡಗಿದಳು. ನಾಲಿಗೆ ಹಾಳಾದ್ದು ಪ್ರತಿ ಸಲವೂ ತೊಡರುತ್ತಿತ್ತು. ಅಕ್ಕ ತಿರುಗಿ ಬರಬೇಕೆಂದರೆ, ಸೋಮವಾರ ಅದನ್ನು ಸರಿಯಾಗಿ ಹೇಳಲೇಬೇಕಿತ್ತು.