ತಾಕಿದ ತಂತಿ

"ಅಮ್ಮಾ, ಅವತ್ತು ನಾನು ಹಾಗನ್ನಬಾರದಿತ್ತು... ಕ್ಷಮಿಸಮ್ಮಾ!"

ಆಸ್ಪತ್ರೆಯ ಮಂಚದ ಪಕ್ಕದ ಯಂತ್ರದ ಪರದೆಯ ಮೇಲೆ ಮಲಗಿದ್ದ ಗೆರೆಯೊಂದು ಚಿಮ್ಮಿ ಎದ್ದಿತು.

"ನೋಡಿದಿರಾ? ಅಮ್ಮನಿಗೆ ಕೇಳಿಸಿತು!"

ಮಿದುಳಿನ ಅಲೆಗಳನ್ನು ದಾಖಲಿಸುವ ತಂತ್ರಜ್ಞ ತಲೆಯೆತ್ತಿದ.

"ಇಲ್ಲ ಟೀಚರ್. ನಿಮ್ಮ ಕೈ ತಂತಿಗೆ ತಾಕಿತು, ಅಷ್ಟೇ."

ತಾಯಿ ಪ್ರಜ್ಞೆ ತಪ್ಪಿ ಆರು ದಿನಗಳಾಗಿದ್ದವು. ಅದಕ್ಕೂ ಮುಂಚೆ ಶಾಲೆಗೆ ಹೊರಡುವ ಅವಸರದಲ್ಲಿ ಮಗಳು ಆಡಿದ ಕೊನೆಯ ಮಾತು: 'ನೀನು ನನಗೆ ಭಾರ.' ಅದನ್ನು ಹಿಂತೆಗೆದುಕೊಳ್ಳಲು ಅವಳಿಗೆ ಆ ಒಂದು ಗೆರೆ ಸಾಕಿತ್ತು.

"ಒಂದು ಸುಳ್ಳು ಹೇಳಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಮನಸ್ಸು ಅನ್ನೋದು ಮಿದುಳಿನ ಕೆಲಸ. ಆ ಕೆಲಸ ನಿಂತಿದೆ. ಇಲ್ಲದ್ದನ್ನ ಇದೆ ಅಂತ ಹೇಳಲಾರೆ."

ಕಲ್ಲೆದೆಯವನು! ಅವಳು ಮತ್ತೆ ಅವನ ಮುಖ ನೋಡಲಿಲ್ಲ.

ಒಂಬತ್ತನೆಯ ದಿನ ತಾಯಿ ತೀರಿಕೊಂಡರು. ಕಾಗದಗಳಿಗೆ ಸಹಿ ಹಾಕಿ ಮಗಳು ಹಿಂದಿರುಗಿದಾಗ ಕೋಣೆಯಲ್ಲಿ ಅವನಿದ್ದ. ಪಕ್ಕದಲ್ಲಿ ಒಂದು ಬೋಗುಣಿ. ತಂತಿಗಳನ್ನು ಹಿಡಿದಿದ್ದ ಅಂಟನ್ನು ತಾಯಿಯ ಬಿಳಿಗೂದಲಿನಿಂದ ಎಳೆ ಎಳೆಯಾಗಿ ಬಿಡಿಸುತ್ತಿದ್ದ.

"ನೀರು ಬೆಚ್ಚಗಿದೆ ಅಮ್ಮ... ಇನ್ನೊಂದೇ ಸಿಕ್ಕು. ಆಯ್ತು."

ಬಾಗಿಲಲ್ಲಿದ್ದ ಹಿರಿಯ ನರ್ಸ್ ಪಿಸುಗುಟ್ಟಿದರು. "ನಮ್ಮ ತಂತಿಯಣ್ಣ ಎಲ್ಲರಿಗೂ ಹೀಗೇ ಕಣಮ್ಮ. ಆತ್ಮ ಗೀತ್ಮ ಇಲ್ಲ ಅಂತ ನಮ್ಮ ಜೊತೆ ಜಗಳ ಆಡ್ತಾರೆ, ಆಮೇಲೆ ಬೋಗುಣಿ ಹಿಡ್ಕೊಂಡು ಬರ್ತಾರೆ!"

ಅವಳು ಮಂಚದ ಬಳಿ ಬಂದಳು.

"ಕೇಳಿಸೋದಿಲ್ಲ ಅಂದಿರಿ. ಮತ್ತೆ ಯಾರಿಗೆ ಹೇಳ್ತಿದ್ದೀರಿ?"

ಅವನ ಕೈ ನಿಂತಿತು.

"ಗೊತ್ತಿಲ್ಲ. ಮಿದುಳಿನ ಲೆಕ್ಕ ಅಷ್ಟಿಷ್ಟು ಬರುತ್ತೆ. ಇದರ ಲೆಕ್ಕ ಇನ್ನೂ ತಾಳೆಯಾಗಿಲ್ಲ... ತಣ್ಣೀರು ಹಾಕೋಕೆ ಮಾತ್ರ ಕೈ ಬರೋದಿಲ್ಲ."

ಅವಳು ಬಾಚಣಿಗೆ ತೆಗೆದುಕೊಂಡು ಎದುರಿಗೆ ಕುಳಿತಳು. ಉಳಿದುಹೋದ ಕ್ಷಮೆಯನ್ನೆಲ್ಲ ಆ ಕೂದಲ ಬಳಿ ಕೇಳಿದಳು. ಪರದೆ ಕಪ್ಪಾಗಿತ್ತು, ಯಾವ ಗೆರೆಯೂ ಏಳಲಿಲ್ಲ.

ಅನಂತರ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಅವಳು ಆಸ್ಪತ್ರೆಯ ಹೊರಗಿನ ಬೆಂಚಿಗೆ ಬರತೊಡಗಿದಳು. ಅವನೂ ಬಂದು ಕೂರುತ್ತಿದ್ದ. ಮಾತು ಕಡಿಮೆ. ಹನ್ನೊಂದನೆಯ ಶನಿವಾರ ಅವನೇ ಬಾಯಿಬಿಟ್ಟ.

"ನೀವಂದ್ರೆ ನನಗೆ ಪ್ರೀತಿ."

"ಅದೂ ಮಿದುಳಿನ ಕೆಲಸವೇನಾ?"

"ಹೌದು."

"ಹಾಗಾದ್ರೆ ಒಂದು ದಿನ ನಿಂತುಹೋಗುತ್ತೆ."

"ನಿಂತುಹೋಗುತ್ತೆ. ಅದಕ್ಕೇ ಈಗ ಹೇಳ್ತಿದ್ದೀನಿ... ನಿಮಗೆ ಕೇಳಿಸುವಾಗ."

ಅವಳ ಕಣ್ಣು ತುಂಬಿ ಬಂತು. ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಕೇಳಿಸಿತು."