ಹನ್ನೊಂದು ದಿನದ ಶಾಲೆ

ಮೂಕಂಡಪಲ್ಲಿಯ ಮೈದಾನದಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಬೌಂಡರಿ ಗೆರೆಯ ಪಕ್ಕ ನಾಲ್ಕು ವರ್ಷದ ಸಿಂಚನಾ ಶಾಲೆಯ ಯೂನಿಫಾರ್ಮಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು!

ಅವಳ ತಾಯಿ ಮುನಿಲಕ್ಷ್ಮಿ ನಿಂತಲ್ಲೇ ನಿಂತಳು. ಕಂಪನಿಯಲ್ಲಿ ಕರೆಂಟ್ ಹೋಗಿ ಬೇಗ ಮನೆಗೆ ಹೊರಟಿದ್ದವಳು. ಈ ಹೊತ್ತಿಗೆ ಮಗಳು ಎಲ್‌ಕೆಜಿ ತರಗತಿಯಲ್ಲಿರಬೇಕಿತ್ತಲ್ಲ...

ಬ್ಯಾಟು ಹಿಡಿದಿದ್ದ ಗಂಡ ಭೈರೇಶ್ ಅವಳನ್ನು ಕಂಡ. ಚೆಂಡು ವಿಕೆಟ್ಟಿಗೆ ಬಡಿಯಿತು.

ಭೈರೇಶ್ ಅವಳ ಸೋದರತ್ತೆಯ ಮಗ. ಮೂವತ್ತೆರಡು ದಾಟಿದರೂ ಹುಡುಗಾಟ ಬಿಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಅವನದು ಮಧ್ಯಾಹ್ನದ ಪಾಳಿ. ಹಾಗಾಗಿ ಮಗಳನ್ನು ಶಾಲೆಗೆ ಸೇರಿಸಿ, ದಿನಾ ಬೆಳಿಗ್ಗೆ ಬಿಟ್ಟು ಬರುವ ಕೆಲಸ ಅವನ ಪಾಲಿನದು. ಯೂನಿಫಾರ್ಮ್ ಮೊದಲೇ ಹೊಲಿಸಿದ್ದರೂ, ಮ್ಯಾಚಿನ ಗುಂಗಿನಲ್ಲಿ ಸೇರಿಸುವ ಕೊನೆಯ ದಿನವನ್ನೇ ಮರೆತಿದ್ದ. ಹೇಳಲು ಹೆದರಿ, ಹನ್ನೊಂದು ದಿನ ಮಗಳನ್ನು ಮೈದಾನಕ್ಕೆ ಕರೆತಂದಿದ್ದ.

ಅವನ ಬಾಯಿಂದ ಇದನ್ನೆಲ್ಲ ಕೇಳಿದಾಗ ಮುನಿಲಕ್ಷ್ಮಿಗೆ, ದಿನಾ ಸಂಜೆ ಮಗಳು ಹೇಳುತ್ತಿದ್ದ ಟೀಚರ್ ಕಥೆಗಳು ನೆನಪಾದವು. ಎಲ್ಲಾ ಇವನೇ ಹೇಳಿಕೊಟ್ಟದ್ದು!

“ನನ್ನತ್ರ ಸುಳ್ಳು ಹೇಳಿದ್ದು ಇರ್ಲಿ ಮಾವ... ಮಗೀಗೂ ಸುಳ್ಳು ಕಲಿಸ್ಬುಟ್ಯಲ್ಲ.”

ಅಂದೇ ಅವಳು ಮಗಳೊಂದಿಗೆ ತಳಿ ಊರಿನ ತವರುಮನೆಗೆ ಬಸ್ಸು ಹತ್ತಿದಳು.

ಮೊದಲ ಭಾನುವಾರ ಭೈರೇಶ್ ಬೊಂಬೆ ಹಿಡಿದು ಬಂದ. ಎಲ್ಲರನ್ನೂ ನಗಿಸಲು ನೋಡಿದ. ಮುನಿಲಕ್ಷ್ಮಿ ಹೊರಗೆ ಬರಲಿಲ್ಲ. ಇವನೇ ಬೇಕೆಂದು ಹಟ ಹಿಡಿದು ಮದುವೆಯಾದವಳು ನಾನು... ಎಂದು ಒಳಗೆ ಗೋಡೆಗೊರಗಿ ಅತ್ತಳು.

ಮುಂದಿನ ಭಾನುವಾರ ಬಂದಾಗ ಅವನ ಕೈ ಖಾಲಿಯಿತ್ತು. ಆ ವಾರ ಆರು ಶಾಲೆ ಸುತ್ತಿ, ಎಲ್ಲೂ ಜಾಗವಿಲ್ಲವೆನಿಸಿಕೊಂಡಿದ್ದ. ಏಳನೆಯ, ಚಿಕ್ಕ ಶಾಲೆಯೊಂದರ ಹೆಡ್‌ಮಿಸ್ ಗಂಗಾದೇವಿಯವರ ಮುಂದೆ ಇದ್ದದ್ದನ್ನು ಇದ್ದಂತೆ ಒಪ್ಪಿಕೊಂಡನಂತೆ. ಅವರು ಚೆನ್ನಾಗಿ ಬೈದು, ಕೊನೆಗೆ ಸೇರಿಸಿಕೊಳ್ಳುತ್ತೇನೆ ಅಂದರಂತೆ. ಬೆಳಗಿನ ಆಟ ಬಿಟ್ಟೆ ಎಂದೂ ಹೇಳಿದ.

ಎಲ್ಲ ಕೇಳಿ ಮುನಿಲಕ್ಷ್ಮಿ ಮಗಳ ಕಡೆ ನೋಡಿದಳು. ಭೈರೇಶ್ ಮಗಳ ಮುಂದೆ ಮಂಡಿಯೂರಿ ಕೂತ.

“ಅಮ್ಮನತ್ರ ಸುಳ್ಳು ಹೇಳು ಅಂದಿದ್ದು ನಾನು. ತಪ್ಪು ನಂದು ಕಣಮ್ಮಾ, ನಿಂದಲ್ಲ. ಇನ್ಮೇಲೆ ನಾನೇ ಹೇಳಿದ್ರೂ ಹಂಗ್ ಹೇಳ್ಬೇಡ.”

ಮುನಿಲಕ್ಷ್ಮಿ ಅವನನ್ನು ಹೀಗೆ ಎಂದೂ ಕಂಡಿರಲಿಲ್ಲ.

“ನಾಳೆ ನಿಜವಾದ ಸ್ಕೂಲಾ ಅಪ್ಪ?” ಸಿಂಚನಾ ಕೇಳಿದಳು.

“ನಿಜವಾದ್ದೇ.”

“ನಾನೂ ಜೊತೇಲಿ ಬತ್ತೀನಿ,” ಎಂದಳು ಮುನಿಲಕ್ಷ್ಮಿ.

ಅವನು ತಲೆಯೆತ್ತಿದ. “ನಂಬಿಕೆ ಬರ್ಲಿಲ್ವಾ ಲಕ್ಷ್ಮೀ?”

“ಇನ್ನೂ ಇಲ್ಲ ಮಾವ...” ಅವಳು ಕಣ್ಣೊರೆಸಿಕೊಂಡಳು. “ಆದ್ರೆ ನೀನಿಲ್ದೆ ಇರೋಕೂ ಆಗ್ಲಿಲ್ಲ.”